ವಿಶ್ವದ ಅಂತ್ಯ: ತಣ್ಣಗಾಗುವುದೋ, ಚಿಂದಿಯಾಗುವುದೋ, ಕುಸಿಯುವುದೋ?

ಮೂರರಲ್ಲಿ ಯಾವುದನ್ನು ನಂಬುವುದು ಎಂದು ಕೇಳಿದರೆ, ಸದ್ಯಕ್ಕೆ ನನ್ನ ಮತ ಬಿಗ್ ಫ್ರೀಜ್‌ಗೆ, ಅಂದರೆ ವಿಶ್ವ ಹಿಗ್ಗುತ್ತಲೇ ತಣ್ಣಗಾಗುವ ಅಂತ್ಯಕ್ಕೆ. 1998ರಲ್ಲಿ ಎರಡು ತಂಡಗಳು ಅಳೆದ ದೂರದ ಸೂಪರ್‌ನೋವಾಗಳು (ಸಿಡಿಯುವ ನಕ್ಷತ್ರಗಳು) ಲೆಕ್ಕಕ್ಕಿಂತ ಮಂಕಾಗಿದ್ದವು, ಅಂದರೆ ಎಣಿಸಿದ್ದಕ್ಕಿಂತ ದೂರದಲ್ಲಿದ್ದವು. ವಿಶ್ವ ಹಿಗ್ಗುವ ವೇಗ ಹೆಚ್ಚುತ್ತಿದೆ ಎಂದು ತಿಳಿದದ್ದು ಹಾಗೆ. 2011ರ ಭೌತವಿಜ್ಞಾನದ ನೊಬೆಲ್ ಸಂದದ್ದೂ ಅದಕ್ಕೇ. ಹೀಗೆಯೇ ಹಿಗ್ಗುತ್ತಿದ್ದರೆ ದೂರದ ಗೆಲಾಕ್ಸಿಗಳು ನಮ್ಮ ಪಾಲಿಗೆ ಇಲ್ಲವಾಗುತ್ತವೆ. ಸುಮಾರು ನೂರು ಲಕ್ಷ ಕೋಟಿ ವರ್ಷಗಳಲ್ಲಿ ನಕ್ಷತ್ರಗಳ ಹುಟ್ಟೇ ನಿಲ್ಲುತ್ತದೆ. ಕಪ್ಪುಕುಳಿಗಳೂ ಹಾಕಿಂಗ್ ವಿಕಿರಣ ಸೂಸುತ್ತ ಸವೆಯಬೇಕು; ಬೃಹತ್ ಕುಳಿಗಳಿಗೆ ಒಂದರ ಮುಂದೆ ನೂರು ಸೊನ್ನೆ ಇಟ್ಟಷ್ಟು ವರ್ಷ ಬೇಕಾದೀತು. ನೀರಸ ಅಂತ್ಯ, ಒಪ್ಪುತ್ತೇನೆ.

ರೋಚಕತೆಯೇ ಮುಖ್ಯವಾದರೆ ಬಿಗ್ ರಿಪ್: ಈ ಹಿಗ್ಗುವಿಕೆಯ ವೇಗ ಹೆಚ್ಚಿಸುತ್ತಿದೆ ಎನ್ನಲಾದ, ಇನ್ನೂ ಅರ್ಥವಾಗದ ಡಾರ್ಕ್ ಎನರ್ಜಿಯ ಸಾಂದ್ರತೆ ಏರುತ್ತಲೇ ಹೋಗಿ ಕೊನೆಗೆ ಪರಮಾಣುಗಳೂ ಸೀಳುತ್ತವೆ. ಪುರಾವೆ ತೆಳು.

ಬಿಗ್ ಕ್ರಂಚ್, ಅಂದರೆ ವಿಶ್ವ ಮತ್ತೆ ಕುಗ್ಗಿ ಕುಸಿಯುವುದು, ಪ್ರಳಯ-ಸೃಷ್ಟಿಗಳ ಕಲ್ಪಗಳನ್ನು ಕೇಳಿ ಬೆಳೆದ ನಮಗೆ ಆಪ್ತ. ಆದರೆ ಎಲ್ಲವೂ ಹಿಂದಿರುಗಿ ಕುಸಿಯಲು ಈಗಿರುವ ವಸ್ತುವಿನ ಗುರುತ್ವ ಸಾಲದು. ಡಾರ್ಕ್ ಎನರ್ಜಿ ದುರ್ಬಲಗೊಂಡು, ತಳ್ಳುವ ಬದಲು ಸೆಳೆಯತೊಡಗಬೇಕು. ಅರಿಜೋನಾದ ಕಿಟ್ ಪೀಕ್‌ನಲ್ಲಿರುವ, ಗೆಲಾಕ್ಸಿಗಳ ನಕ್ಷೆ ತಯಾರಿಸುವ ಡೆಸಿ (DESI) ಉಪಕರಣದ 2024 ಮತ್ತು 2025ರ ಫಲಿತಾಂಶಗಳಲ್ಲಿ ಅದು ದುರ್ಬಲವಾಗುತ್ತಿರುವ ಸುಳಿವಿದೆ. ಸುಳಿವಷ್ಟೇ, ಸೆಳೆತದ ಮಾತು ಇನ್ನೂ ದೂರ.