ಸ್ವಿಫ್ಟ್ ದುಡ್ಡಿಗೆ ಬೆಂಝ್: ಮೂರು ಹಳೆಯ ಹ್ಯಾಚ್‌ಬ್ಯಾಕ್ ಓಡಿಸಿ ನೋಡಿದೆ

ಹೊಸ ಸ್ವಿಫ್ಟಿಗೆ ಎಂದು 9 ಲಕ್ಷ ತೆಗೆದಿಟ್ಟಿದ್ದೆ. ಬುಕ್ ಮಾಡಲು ಹೊರಟ ದಿನವೇ ಕೊಟ್ಟಾರದ ಹತ್ತಿರ ಒಂದು ಸೆಕೆಂಡ್ ಹ್ಯಾಂಡ್ ಕಾರಿನ ಅಂಗಡಿ ಮುಂದೆ ಕೆಂಪು ಬೆಂಝ್ ಎ-ಕ್ಲಾಸ್ ನಿಂತಿತ್ತು. 2014ರ ಮಾಡೆಲ್. ಸುಮ್ನೆ ರೇಟ್ ಕೇಳಿದೆ. ಕೇಳಬಾರದಿತ್ತು. ಅಂಗಡಿಯವರು ಹೇಳಿದ ರೇಟು ನನ್ನ 9 ಲಕ್ಷದ ಒಳಗೇ ಇತ್ತು.

ಆಮೇಲೆ ಎರಡು ತಿಂಗಳು ಇದೇ ಹುಚ್ಚು. ಬೆಂಝ್ ನೋಡಿದ ಮೇಲೆ ಅದರ ಜೊತೆಯವು ಬಿಡುತ್ತವಾ? ಎ-ಕ್ಲಾಸ್, ಬಿಎಂಡಬ್ಲ್ಯೂ 1 ಸೀರೀಸ್, ವೋಲ್ವೋ ವಿ40 ಕ್ರಾಸ್ ಕಂಟ್ರಿ. ಮೂರೂ ಹ್ಯಾಚ್‌ಬ್ಯಾಕ್, ಅಂದರೆ ಹಿಂದೆ ಡಿಕ್ಕಿ ಚಾಚಿಕೊಳ್ಳದ ಕಾರು. ಮೂರೂ ಭಾರತಕ್ಕೆ ಬಂದದ್ದು 2013ರಲ್ಲೇ. ಹೊಸತಿರುವಾಗ ಮೂರೂ 20 ಲಕ್ಷದ ಮೇಲೆ. ಅಷ್ಟು ದುಡ್ಡು ಕೊಡುವವರಿಗೆ ನಮ್ಮಲ್ಲಿ ಹಿಂದೆ ಡಿಕ್ಕಿ ಚಾಚಿಕೊಂಡ ಕಾರೇ ಬೇಕು. ಹಾಗಾಗಿ ಈ ಮೂರು ಮಾಡೆಲ್ ಈಗ ಹೊಸತಾಗಿ ಸಿಗುವುದಿಲ್ಲ, ಹಳೆಯದಕ್ಕೆ ರೇಟೂ ಇಲ್ಲ. ನಮ್ಮಂಥವರಿಗೆ ಲಾಭ.

ಇದೇ ಸಾಲಿನ ಮಿನಿ ಕೂಪರ್ ಯಾಕಿಲ್ಲ ಅಂದರೆ, ಅದರ ಡಿಕ್ಕಿ ತೀರಾ ಸಣ್ಣದು, ನನ್ನ ಡಿಕ್ಕಿಯಲ್ಲಿ ವಾರಕ್ಕೊಮ್ಮೆ ಐವತ್ತು ತೆಂಗಿನಕಾಯಿ ಬರುತ್ತದೆ. ಅಷ್ಟೇ.

ನನ್ನ ಓಡಾಟ ಹೀಗೆ. ಇರುವುದು ಮಂಗಳೂರಿನ ಬಿಜೈಯಲ್ಲಿ. ಶನಿವಾರ ಸಂಜೆ ಹೆದ್ದಾರಿ 66 ಹಿಡಿದು ಕೂಳೂರು, ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು ದಾಟಿ ಉಡುಪಿ, ಅಲ್ಲಿಂದ ಮಣಿಪಾಲ ಕಳೆದು ಪರ್ಕಳದ ಹತ್ತಿರ ನಮ್ಮ ಮನೆ. ಕೊನೆಯ 200 ಮೀಟರ್ ಮಣ್ಣಿನ ಏರು. ಗೇಟಿನ ಎದುರು ತೋಡಿಗೆ ಮೋರಿ ಹಾಕಿ ಮೇಲೆ ಸಿಮೆಂಟ್ ಎಳೆದಿದ್ದಾರೆ, ಆಮೆ ಬೆನ್ನಿನ ಹಾಗೆ. ಆ ಮೋರಿ ದಾಟಿದ ಕಾರು ಮಾತ್ರ ನಮ್ಮ ಅಂಗಳ ನೋಡುತ್ತದೆ. ಅಂಗಳದಲ್ಲಿ ಕಾಯುವವರು ಅಮ್ಮ, 74 ವರ್ಷ, ಎರಡೂ ಮಂಡಿ ನೋವು.

ಮೊದಲು ಎ-ಕ್ಲಾಸ್. ಅಂಗಡಿಯ ಹುಡುಗ ಪಕ್ಕದಲ್ಲಿ ಕೂತ. ಹೆಜಮಾಡಿ ಟೋಲಿನವರೆಗೆ ಹೋಗಿ ತಿರುಗಿಸಿ ಬಂದೆವು. ಒಳಗೆ ಕೂತ ಕೂಡಲೇ ಮನಸ್ಸು ಹೋಗುತ್ತದೆ, ಅದನ್ನು ಒಪ್ಪಬೇಕು. ಡ್ಯಾಶ್‌ಬೋರ್ಡಿನಲ್ಲಿ ವಿಮಾನದ ಎಂಜಿನ್ನಿನ ಹಾಗೆ ಕಾಣುವ ಗುಂಡು ಎಸಿ ಕಿಂಡಿಗಳು. ತಿರುಗಿಸಿದರೆ ತಣ್ಣಗಿನ ಲೋಹ ಬೆರಳಿಗೆ ತಾಗುತ್ತದೆ. ಹತ್ತು ವರ್ಷ ಆದ ಮೇಲೂ ಒಂದೂ ಲಟಲಟ ಅನ್ನಲಿಲ್ಲ.

ಓಡಿಸುವಾಗ ಅಷ್ಟು ಖುಷಿ ಇಲ್ಲ. ನಾನು ಓಡಿಸಿದ ಎ180 ಸಿಡಿಐಗೆ 2143 ಸಿಸಿ ಡೀಸೆಲ್ ಎಂಜಿನ್. ಮೂರೂ ಕಾರಿನಲ್ಲಿ ದೊಡ್ಡದು ಇದೇ, ಶಕ್ತಿ ಕಮ್ಮಿ ಇರುವುದೂ ಇದಕ್ಕೇ, ಬರೀ 109 ಎಚ್‌ಪಿ. 7 ಗೇರಿನ ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್ ನೆಮ್ಮದಿಯಾಗಿ ಗೇರ್ ಬದಲಿಸುತ್ತದೆ. ಅದಕ್ಕೆ ಅವಸರ ಇಲ್ಲ. ಲಾರಿ ಓವರ್‌ಟೇಕ್ ಮಾಡಲು ಹೊರಟ ನಮಗೆ ಅವಸರ ಇರುತ್ತದಲ್ಲ.

ಆ ವಾರ ಅಮ್ಮ ಕಣ್ಣು ತೋರಿಸಲು ಬಿಜೈಗೆ ಬಂದಿದ್ದರು. ಕಾರನ್ನು ಗೇಟಿನ ಹತ್ತಿರ ತಂದೆ. ಅಮ್ಮ ಸೆರಗು ಸಿಕ್ಕಿಸಿ, ಬಾಗಿಲ ಮೇಲೆ ಕೈಯಿಟ್ಟು ಒಳಗೆ ಇಳಿದರು. ಹತ್ತಿದ್ದಲ್ಲ, ಇಳಿದದ್ದೇ. ಹೊರಗೆ ಬರಲು ನಾನೂ ಅಂಗಡಿಯ ಹುಡುಗನೂ ಎರಡು ಕೈ ಹಿಡಿಯಬೇಕಾಯಿತು. "ಇದು ಕಾರಾ ಬಾವಿಯಾ ಮಾರಾಯ?" ಎಂದರು.

ಇಲ್ಲೇ ನನಗೆ ಹೊಟ್ಟೆ ಉರಿಯುವ ಒಂದು ಕತೆ ಉಂಟು. ಅಮ್ಮನಿಗೆ ಹೇಳಿ ಮಾಡಿಸಿದ ಹಾಗಿದ್ದ ಎ-ಕ್ಲಾಸ್ ಒಂದು ಇತ್ತು. 1997ರ ಮೊದಲ ತಲೆಮಾರಿನದು. ಉದ್ದ ಮೂರೂವರೆ ಮೀಟರಿಗಿಂತ ಸ್ವಲ್ಪ ಜಾಸ್ತಿ, ಅಂದರೆ ಇವತ್ತಿನ ಸ್ವಿಫ್ಟಿಗಿಂತ ಗಿಡ್ಡ. ಆದರೆ ಎತ್ತರದಲ್ಲಿ 2012ರಲ್ಲಿ ಬಂದ, ನಾನು ಓಡಿಸಿದ ತಲೆಮಾರಿನ ಎ-ಕ್ಲಾಸನ್ನು ಹತ್ತಿರ ಹತ್ತಿರ 15 ಸೆಂಟಿಮೀಟರ್ ಮೀರಿಸುತ್ತದೆ. ಅದರ ನೆಲ ಎರಡು ಪದರದ್ದು, ಸ್ಯಾಂಡ್‌ವಿಚ್ ಇದ್ದ ಹಾಗೆ. ಎಂಜಿನನ್ನು ಓರೆಯಾಗಿ ಕೂರಿಸಿದ್ದರು. ಎದುರಿನಿಂದ ಗುದ್ದಿದರೆ ಎಂಜಿನ್ ನಮ್ಮ ಕಾಲ ಮೇಲೆ ಬರದೆ ನೆಲದ ಅಡಿಗೆ ಜಾರಬೇಕು ಎನ್ನುವುದು ಲೆಕ್ಕ. ಎರಡು ಪದರದ ನಡುವಿನ ಜಾಗದಲ್ಲಿ ಮುಂದೊಂದು ದಿನ ಬ್ಯಾಟರಿ ಇಡಬಹುದು ಎಂಬ ಯೋಚನೆಯೂ ಇತ್ತು. ಈಗಿನ ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿ ಎಲ್ಲಿದೆ ನೋಡಿ. ಕಾಲಡಿಯಲ್ಲೇ ಅಲ್ವಾ? ನೆಲ ದಪ್ಪವಾದದ್ದರಿಂದ ಸೀಟು ತಾನಾಗಿ ಎತ್ತರಕ್ಕೆ ಬಂತು. ಕುರ್ಚಿಯಲ್ಲಿ ಕೂತ ಹಾಗೆ ಕೂರಬಹುದು.

ಆದರೆ 1997ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಒಂದು ಕಾರು ಪತ್ರಿಕೆಯವರು ಅದನ್ನು ಎಲ್ಕ್ ಪರೀಕ್ಷೆಗೆ ಹಾಕಿದರು. ಎಲ್ಕ್ ಅಂದರೆ ಅಲ್ಲಿನ ದೊಡ್ಡ ಕಾಡುಜಿಂಕೆ. ರಸ್ತೆಗೆ ಕಾಡಿನಿಂದ ಅದು ಬಂತು ಎಂದುಕೊಂಡು ಫಕ್ಕನೆ ಪಕ್ಕಕ್ಕೆ ತಿರುಗಿಸುವುದು, ಕೂಡಲೇ ಮತ್ತೆ ನಿಮ್ಮ ಸಾಲಿಗೆ ಬರುವುದು. ಎತ್ತರದ ಕಾರು ಉರುಳಿ ಬಿತ್ತು. ದೊಡ್ಡ ಮರ್ಯಾದೆ ಪ್ರಶ್ನೆ. ಕಂಪೆನಿ ಕೆಲವು ವಾರ ಕಾರು ಕೊಡುವುದನ್ನೇ ನಿಲ್ಲಿಸಿತು. ಸಸ್ಪೆನ್ಷನ್ ತಿದ್ದಿ, ಎಲ್ಲ ಕಾರಿಗೂ ಇಎಸ್‌ಪಿ ಹಾಕಿ ಮತ್ತೆ ಬಿಟ್ಟಿತು. ಕಾರು ಜಾರಲು ಹೊರಟರೆ ಬೇಕಾದ ಚಕ್ರಕ್ಕೆ ಮಾತ್ರ ತಾನೇ ಬ್ರೇಕ್ ಹಾಕುವ ಈ ಇಎಸ್‌ಪಿ ಅಲ್ಲಿಯವರೆಗೆ ದೊಡ್ಡ ಕಾರುಗಳ ಸೊತ್ತು. ಸಣ್ಣ ಕಾರಿಗೆ ಇಳಿದದ್ದು ಈ ಪಲ್ಟಿಯ ದೆಸೆಯಿಂದ.

ಮುಂದಿನ ತಲೆಮಾರು 2004ರಲ್ಲಿ ಬಂತು, ಅದೂ ಎತ್ತರವೇ. 2012ರಲ್ಲಿ ಎಲ್ಲ ಬಿಟ್ಟು ತಗ್ಗಿನ, ಉದ್ದ ಮೂತಿಯ, ಹುಡುಗರ ಕಾರು ಮಾಡಿದರು. ನೋಡಲು ಚೆಂದ, ನಿಜ. ಕಂಪೆನಿಗೆ ಹುಡುಗರು ಬೇಕಿತ್ತು, ಸಿಕ್ಕಿದರು. ನನ್ನ ಅಮ್ಮ ಬಾವಿಗೆ ಬಿದ್ದರು. ಎತ್ತರದ ಸೀಟು ಅದೇ ಕಂಪೆನಿಯ ಬಿ-ಕ್ಲಾಸ್ ಕಾರಿನಲ್ಲಿ ಉಳಿದಿದೆ. ಹುಡುಕಿದೆ. ಸಿಕ್ಕಿದ ಎರಡೂ ಬೆಂಗಳೂರಿನಲ್ಲಿದ್ದವು, ಎರಡರದ್ದೂ ಕಾಗದಪತ್ರ ಸರಿ ಕಾಣಲಿಲ್ಲ.

ಎರಡನೆಯದು ಭಾವನ ಬಿಎಂಡಬ್ಲ್ಯೂ 1 ಸೀರೀಸ್, 118ಡಿ. ಭಾವ ಗಲ್ಫಿಗೆ ಹೊರಟಿದ್ದರು, ಕಾರು ಮಾರುವುದಿತ್ತು. "ಎರಡು ದಿನ ಇಟ್ಟುಕೋ, ಆಮೇಲೆ ಮಾತಾಡುವ" ಎಂದು ಕೀ ಕೊಟ್ಟರು. ಈ ಮಾತು ಸೆಕೆಂಡ್ ಹ್ಯಾಂಡ್ ಅಂಗಡಿಯವರು ಹೇಳುವುದಿಲ್ಲ ನೋಡಿ. ಹಾಗಾಗಿ ನನ್ನ ಹೋಲಿಕೆಯಲ್ಲಿ ಸ್ವಲ್ಪ ಅನ್ಯಾಯ ಇದೆ. ಬೆಂಝ್ ಘಾಟಿ ಹತ್ತಲಿಲ್ಲ, ಇದು ಹತ್ತಿತು.

ಈ ಸೈಜಿನ ಕಾರುಗಳಲ್ಲಿ ಎಂಜಿನ್ ಅಡ್ಡಕ್ಕೆ ಕೂತು ಮುಂದಿನ ಚಕ್ರ ಎಳೆಯುವುದೇ ರೂಢಿ. ಜಾಗ ಉಳಿಯುತ್ತದೆ. 1 ಸೀರೀಸ್ 2004ರಲ್ಲಿ ಬಂದಾಗಲೇ ಹಟ ಹಿಡಿದು ಎಂಜಿನ್ ಉದ್ದಕ್ಕೆ ಇಟ್ಟು, ಹಿಂದಿನ ಚಕ್ರಕ್ಕೆ ಶಕ್ತಿ ಕಳಿಸಿತು. ಮುಂದೆ ಹಿಂದೆ ತೂಕ ಅರ್ಧರ್ಧ. ನಾನು ಓಡಿಸಿದ್ದು 2011ರಲ್ಲಿ ಬಂದ ಎರಡನೇ ತಲೆಮಾರು. 143 ಎಚ್‌ಪಿ, 8 ಗೇರಿನ ಆಟೋಮ್ಯಾಟಿಕ್. 2019ರ ಮೂರನೇ ತಲೆಮಾರಿನಲ್ಲಿ ಅವರೂ ಸೋತು ಮುಂದಿನ ಚಕ್ರಕ್ಕೆ ಬಂದರು. ತಮಾಷೆ ಎಂದರೆ, 1 ಸೀರೀಸ್ ಇಟ್ಟುಕೊಂಡವರಲ್ಲಿ 80 ಶೇಕಡ ಮಂದಿ ತಮ್ಮದು ಮುಂದಿನ ಚಕ್ರದ ಕಾರು ಎಂದೇ ತಿಳಿದಿದ್ದಾರೆ ಎಂದು ಕಂಪೆನಿಯ ಮುಖ್ಯಸ್ಥರೇ 2010ರಲ್ಲಿ ಹೇಳಿದ್ದರು. ಗೊತ್ತೇ ಆಗದ ಸುಖಕ್ಕೆ ಯಾಕೆ ಅಷ್ಟು ಖರ್ಚು ಅಂದುಕೊಂಡಿರಬೇಕು.

ಅವರನ್ನೆಲ್ಲ ಒಮ್ಮೆ ಆಗುಂಬೆಗೆ ಕರಕೊಂಡು ಹೋಗಬೇಕಿತ್ತು. ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟೆ. ಹಿರಿಯಡ್ಕ, ಪೆರ್ಡೂರು, ಹೆಬ್ರಿ, ಸೋಮೇಶ್ವರ. ಅಲ್ಲಿಂದ 14 ಹೇರ್‌ಪಿನ್ ತಿರುವು. ರಸ್ತೆ ಒದ್ದೆ, ಮಂಜು ಇಳಿದಿತ್ತು, ಬಸ್ಸು ಇನ್ನೂ ಶುರುವಾಗಿರಲಿಲ್ಲ. ಮುಂದಿನ ಚಕ್ರದ ಕಾರಿನಲ್ಲಿ ಇಂಥ ತಿರುವು ಹತ್ತುವಾಗ ಸ್ಟಿಯರಿಂಗ್ ಕೈಯಲ್ಲಿ ಜಗ್ಗಾಡುತ್ತದೆ. ತಿರುಗಿಸುವುದೂ ಎಳೆಯುವುದೂ ಒಂದೇ ಚಕ್ರ, ಪಾಪ. ಇದರಲ್ಲಿ ಜಗ್ಗಾಟವೇ ಇಲ್ಲ. ಮುಂದಿನ ಚಕ್ರ ದಾರಿ ನೋಡುತ್ತದೆ, ಹಿಂದಿನದು ದೂಡುತ್ತದೆ. ನಾಲ್ಕನೇ ತಿರುವಿನಲ್ಲಿ ಗೊತ್ತಾಯಿತು, ನಾನು ಒಬ್ಬನೇ ನಗುತ್ತಿದ್ದೇನೆ ಎಂದು. ಮೇಲೆ ಹೋಗಿ ಚಾ ಕುಡಿದು, ಕೆಳಗೆ ಬಂದು, ಮತ್ತೊಮ್ಮೆ ಹತ್ತಿದೆ. ಇದನ್ನು ಮನೆಯಲ್ಲಿ ಹೇಳಿಲ್ಲ.

ಆದರೆ ಆ ಹಟದ ಬಾಡಿಗೆ ಕಟ್ಟುವವರು ಹಿಂದಿನ ಸೀಟಿನವರು. ಹಿಂದಕ್ಕೆ ಹೋಗುವ ಶಾಫ್ಟಿಗಾಗಿ ನಡುವೆ ದಿಣ್ಣೆ, ಮೂರನೆಯವರು ಎರಡು ಕಾಲು ಎರಡು ಕಡೆ ಹಾಕಿ ಕುದುರೆ ಸವಾರಿ ಮಾಡಬೇಕು. ಬಾಗಿಲೂ ಸಣ್ಣದು. ಟೈರ್ ರನ್‌ಫ್ಲ್ಯಾಟ್, ಅಂದರೆ ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥ ಗಟ್ಟಿ ಬದಿಯದು. ಸ್ಟೆಪ್ನಿ ಇಲ್ಲ. ಆ ಗಟ್ಟಿತನ ಕೂಳೂರಿನ ಗುಂಡಿಗಳಲ್ಲಿ ಸೊಂಟಕ್ಕೇ ಬಂದು ಹೇಳುತ್ತದೆ. ನಮ್ಮ ಮೋರಿಯನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಿದೆ. ಅಡಿ ತಾಗಲಿಲ್ಲ, ಆದರೆ ಉಸಿರು ಹಿಡಿದಿದ್ದೆ.

ಮೂರನೆಯದು ಮಣಿಪಾಲದಲ್ಲಿ ಡಾಕ್ಟರ್ ಆಗಿರುವ ಗೆಳೆಯನ ವಿ40 ಕ್ರಾಸ್ ಕಂಟ್ರಿ. ಇದಕ್ಕೆ ಡಿ3 ಡೀಸೆಲ್, 2 ಲೀಟರಿನಲ್ಲಿ 5 ಸಿಲಿಂಡರ್, 150 ಎಚ್‌ಪಿ. ನಾಲ್ಕು ಸಿಲಿಂಡರಿನ ಕಾರು ಕೇಳಿ ಅಭ್ಯಾಸವಾದ ಕಿವಿಗೆ ಇದರ ಸದ್ದು ಬೇರೆ. ಗಂಟಲು ಸ್ವಲ್ಪ ಕಟ್ಟಿದ ಭಾಗವತರು ಪದ ಎತ್ತಿದ ಹಾಗೆ, ಒಂಥರಾ ಗಡಸು, ಆದರೆ ಇಂಪು. ಅಡಿಯ ಚೌಕಟ್ಟು ನೋಡಿದರೆ ಇದು ಫೋರ್ಡ್ ಫೋಕಸ್ ಕಾರಿನ ವಂಶ. ವೋಲ್ವೋ 2010ರವರೆಗೆ ಫೋರ್ಡಿನ ಕೈಯಲ್ಲಿತ್ತು, ಆಮೇಲೆ ಚೀನಾದ ಗೀಲಿಗೆ ಹೋಯಿತು. ದಾರಿಯಲ್ಲಿ ಹೋಗುವವರಿಗೆ ಡಿಕ್ಕಿ ಹೊಡೆದರೆ ಬಾನೆಟ್ಟಿನ ಹೊರಗೆ ಉಬ್ಬುವ ಏರ್‌ಬ್ಯಾಗ್ ಲೋಕದಲ್ಲೇ ಮೊದಲು ಬಂದದ್ದು ವಿ40ಯಲ್ಲಿ. ಒಳಗೆ ಕೂತವರಿಗಲ್ಲ, ಹೊರಗಿನವರಿಗೆ! ನಮ್ಮ ಪಡುಬಿದ್ರಿ ಪೇಟೆಯಲ್ಲಿ ಅದು ಇಡೀ ದಿನ ಎಚ್ಚರವಾಗಿಯೇ ಇರಬೇಕಾದೀತು.

ಅಲ್ಲೇ ಒಂದು ಪರೀಕ್ಷೆಯೂ ಆಯಿತು. ನಮ್ಮಲ್ಲಿ ಎಲ್ಕ್ ಇಲ್ಲ, ದನ ಉಂಟು. ಡಿವೈಡರಿನ ಹುಲ್ಲು ಮೇಯುತ್ತಿದ್ದ ಒಂದು ಕಂದು ದನಕ್ಕೆ ಇದ್ದಕ್ಕಿದ್ದಂತೆ ಈಚೆ ಬರಬೇಕು ಅನಿಸಿತು. ಬ್ರೇಕ್ ಒತ್ತಿ ಎಡಕ್ಕೆ ಎಳೆದೆ, ಮತ್ತೆ ಬಲಕ್ಕೆ. ಕಾರು ಸ್ವಲ್ಪ ವಾಲಿತು, ಇಎಸ್‌ಪಿ ಹಳದಿ ದೀಪ ಒಮ್ಮೆ ಮಿಣುಕಿತು, ಮುಗಿಯಿತು. ದನ ತಲೆಯೆತ್ತಿ ನೋಡಲೂ ಇಲ್ಲ. ಸ್ವೀಡನ್ನಿನವರು ಅಂದು ಆ ಸಣ್ಣ ಬೆಂಝನ್ನು ಮಗುಚಿ ಹಾಕದಿದ್ದರೆ ಈ ಹಳದಿ ದೀಪ ಇಂಥ ಕಾರಿಗೆ ಯಾವಾಗ ಬರುತ್ತಿತ್ತೋ.

ಮೋರಿ? ನೇರವಾಗಿ ದಾಟಿತು. ಕ್ರಾಸ್ ಕಂಟ್ರಿ ಸ್ವಲ್ಪ ಎತ್ತರ. ಅಮ್ಮ ಮುಂದೆ ಕೂತರು, ಕಾಲು ಚಾಚಿದರು, ಸೀಟು ಕೈಯಲ್ಲಿ ಒತ್ತಿ ನೋಡಿದರು. "ಇದು ಅಡ್ಡಿಲ್ಲ." ನಮ್ಮ ಅಮ್ಮನ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಹಿಂದಿನ ಸೀಟು ಮಾತ್ರ ಕತ್ತಲೆ, ಕಿಟಕಿ ಸಣ್ಣದು. ಘಾಟಿಯಲ್ಲಿ 6 ಗೇರಿನ ಆಟೋಮ್ಯಾಟಿಕ್ ಯೋಚನೆ ಮಾಡಿ ಗೇರ್ ಹಾಕುತ್ತದೆ. ನಗು ಬರಲಿಲ್ಲ, ನೆಮ್ಮದಿ ಇತ್ತು.

ಡಿಕ್ಕಿ ಲೆಕ್ಕ ಬೇಗ ಮುಗಿಸುವ. ಕಾಗದದಲ್ಲಿ ವಿ40ಗೆ 335 ಲೀಟರ್, ಎ-ಕ್ಲಾಸಿಗೆ 341, 1 ಸೀರೀಸಿಗೆ 360. ಐವತ್ತು ಕಾಯಿ, ಒಂದು ಹಲಸು, ಕುಚ್ಚಲಕ್ಕಿ ಚೀಲ ಯಾವುದಕ್ಕೂ ಹಿಡಿಯುತ್ತದೆ. ಎ-ಕ್ಲಾಸಿನ ಬಾಯಿ ಸ್ವಲ್ಪ ಕಿರಿದು, ಹಲಸನ್ನು ಉದ್ದಕ್ಕೆ ತಿರುಗಿಸಿ ಹಾಕಬೇಕಾದೀತು.

ಖರ್ಚಿನ ಮಾತು ಮಾತ್ರ ಸುಮ್ನೆ ಬಿಡುವಂತಿಲ್ಲ. ಕಾರು ಸ್ವಿಫ್ಟ್ ರೇಟಿಗೆ ಸಿಗುತ್ತದೆ, ಸಾಮಾನು ಸಿಗುವುದಿಲ್ಲ. ನನ್ನ ಚಿಕ್ಕಪ್ಪನ ಮಗನ ಹತ್ತಿರ ಇಂಥದ್ದೇ ಒಂದು ವಿದೇಶಿ ಕಾರು, ಕಂಪೆನಿ ಹೆಸರು ಬೇಡ. ಮಳೆಗಾಲದಲ್ಲಿ ಇಲಿ ಬಾನೆಟ್ಟಿನೊಳಗೆ ಸಂಸಾರ ಹೂಡಿ ವಯರು ಕಡಿಯಿತು. ಸರಿಮಾಡಿದ ಬಿಲ್ಲಿನಲ್ಲಿ ಒಂದು ಹಳೆ ಆ್ಯಕ್ಟಿವಾ ಬರುತ್ತಿತ್ತು. ನಮ್ಮ ಉಪ್ಪು ಗಾಳಿಯೂ ಉಂಟಲ್ಲ. ಹಾಗಾಗಿ ನೋಡುವಾಗ ಮೊದಲು ಬಗ್ಗಿ ಅಡಿ ನೋಡಿ, ಆಮೇಲೆ ಸನ್‌ರೂಫ್. ಸಮುದ್ರದ ಬದಿಯಲ್ಲಿ ಹತ್ತು ವರ್ಷ ನಿಂತ ಕಾರಾದರೆ ಬೋಲ್ಟುಗಳೇ ಹೇಳುತ್ತವೆ.

ನನ್ನ ತೀರ್ಮಾನ ನಮ್ಮ ಅಂಗಳದಲ್ಲೇ ಆಗಿತ್ತು. ವಿ40. ನಮ್ಮ ರಸ್ತೆ, ನಮ್ಮ ಮೋರಿ, ನಮ್ಮ ಅಮ್ಮ, ಮೂರಕ್ಕೂ ಅದೇ ಸರಿ. ಗೆಳೆಯನಿಗೆ ರೇಟ್ ಕೇಳಿದೆ. ಅವನು ನಕ್ಕ. "ಓಡಿಸಲು ಕೊಟ್ಟದ್ದು ಮಾರಾಯ, ಮಾರಲು ಅಲ್ಲ." ಬೇರೆ ಕಡೆ ಹುಡುಕಿದೆ, ಕರಾವಳಿಯಲ್ಲಿ ಸಿಗಲಿಲ್ಲ. ಬೆಂಝ್ ಅಷ್ಟರಲ್ಲಿ ಹೋಗಿಯಾಗಿತ್ತು.

ಭಾವನ 118ಡಿ ಈಗ ನಮ್ಮ ಅಂಗಳದಲ್ಲಿದೆ. ಆಗುಂಬೆ ನೆನಪಿನಿಂದಲೇ ತೆಗೆದುಕೊಂಡೆ ಎಂದು ಹೆಂಡತಿಗೆ ಗುಮಾನಿ. ಅಮ್ಮನಿಗಾಗಿ ಎಡಗಡೆ ಸೀಟನ್ನು ಪೂರ್ತಿ ಮೇಲಕ್ಕೆ ಏರಿಸಿ, ಅದರ ಮೇಲೆ ಹತ್ತಿಯ ದಿಂಬು ಹಾಕಿಟ್ಟಿದ್ದೇನೆ. ಅವರು ಈಗ ಯಾರ ಕೈಯೂ ಹಿಡಿಯದೆ ಹತ್ತಿ ಇಳಿಯುತ್ತಾರೆ. ಬೇರೆ ಯಾರು ಕೂತರೂ ತಲೆ ಮಾಡಿಗೆ ತಾಗುತ್ತದೆ. ದಿಂಬು ತೆಗೆಯಲು ಅಮ್ಮ ಬಿಡುವುದಿಲ್ಲ.