4 ಡಿಗ್ರಿಗೆ ಕೂಗುವ ಕಾರು

ತಾಳವಾಡಿಯವರಾದ ನಮಗೆ ಚಳಿ ಹೊಸದಲ್ಲ. ಆದರೆ ಚಳಿಯಾಯಿತೆಂದು ಕಾರು ಕೂಗಿಕೊಂಡದ್ದನ್ನು ನಾನು ಮೊದಲು ಕೇಳಿದ್ದು ಕಳೆದ ಜನವರಿಯಲ್ಲಿ, ಗೂಡಲೂರಿನ ನೆಂಟರ ಮನೆಯಿಂದ ನಸುಕಿನಲ್ಲೇ ಹೊರಟು ಊಟಿ ಹತ್ತುವಾಗ. ಪೈಕಾರಾ ದಾಟಿ ತಲೈಕುಂದಾ ಸಮೀಪಿಸುತ್ತಿದ್ದಂತೆ ಒಮ್ಮೆ ಟಿಣ್ ಎಂಬ ಸದ್ದಾಯಿತು. ಮೀಟರಿನಲ್ಲಿ ಹಿಮದ ಹರಳಿನ ಚಿತ್ರ ಮೂಡಿ, ಪಕ್ಕದಲ್ಲಿ 4 ಎಂಬ ಅಂಕಿ ಕಾಣಿಸಿತು. ‘ಹಿಮ ಎಲ್ಲಿದೆ ಭಾವ?’ ಎಂದು ಪಕ್ಕದಲ್ಲಿದ್ದ ಭಾಮೈದ ನಕ್ಕ. ಇನ್ನೆರಡು ತಿರುವು ಕಳೆಯುವಷ್ಟರಲ್ಲಿ ರಸ್ತೆ ಬದಿಯ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ, ಸುಣ್ಣ ಚೆಲ್ಲಿದಂತೆ ಬಿದ್ದಿತ್ತು.

ಎರಡು ವರ್ಷಗಳ ಹಿಂದೆ ಕೊಂಡ ಈ ಸೆಕೆಂಡ್‌ಹ್ಯಾಂಡ್ ಕಾರಿನ ಚಳಿಯ ಎಚ್ಚರಿಕೆಗಳನ್ನು ನಾನು ಮೆಚ್ಚುವುದಕ್ಕೆ ಮುಖ್ಯ ಕಾರಣ ಆ 4 ಡಿಗ್ರಿ. ನೀರು ಗಡ್ಡೆ ಕಟ್ಟುವುದು ಸೊನ್ನೆಯಲ್ಲಲ್ಲವೇ, ಇಷ್ಟು ಮೊದಲೇ ಏಕೆ ಹೆದರಿಸಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಮುಂದಿನ ಬಂಪರಿನ ಬಳಿ ಇರುವ ಸೆನ್ಸರ್ ಅಳೆಯುವುದು ಗಾಳಿಯನ್ನು, ರಸ್ತೆಯನ್ನಲ್ಲ. ಮೋಡವೂ ಗಾಳಿಯೂ ಇಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು, ಮೇಲಿನ ಗಾಳಿಗಿಂತ ಹೆಚ್ಚು ತಣ್ಣಗಾಗುತ್ತದೆ. ಸೇತುವೆಗಳಂತೂ ಮೇಲಿನಿಂದಲೂ ಕೆಳಗಿನಿಂದಲೂ ಬಿಸಿ ಕಳೆದುಕೊಳ್ಳುತ್ತವೆ. ಆದ್ದರಿಂದ ಮೀಟರ್ 3 ಎಂದು ತೋರಿಸುವಾಗಲೂ ಒದ್ದೆಯಾದ ತಿರುವೊಂದರಲ್ಲಿ ಟೈರು ಜಾರಬಹುದು. ಹರಳು ಮೂಡಿದರೆ ಗಡ್ಡೆ ಇದೆಯೆಂದು ಅರ್ಥವಲ್ಲ, ಇರಬಹುದೆಂದಷ್ಟೇ ಅರ್ಥ. ವೇಗ ಇಳಿಸಿ, ಬ್ರೇಕನ್ನೂ ಸ್ಟೀರಿಂಗನ್ನೂ ಮೆಲ್ಲಗೆ ಬಳಸಲು ಅಷ್ಟು ಸಾಕು.

ದೋಷವೂ ಇದೆ. ಅದೇ ದಾರಿಯಲ್ಲಿ ನಡುವಟ್ಟಂನಲ್ಲಿ ಚಹಾ ಕುಡಿಯಲು ಇಳಿದಾಗ ನಮ್ಮ ಬಾಯಿಂದ ಹಬೆ ಬರುತ್ತಿದ್ದರೂ, ಮರಳಿ ಹತ್ತಿ ಕುಳಿತಾಗ ಮೀಟರ್ 11 ಎಂದು ತೋರಿಸಿತ್ತು. ನಿಂತ ಗಾಡಿಯ ಎಂಜಿನ್ ಬಿಸಿ ಸೆನ್ಸರಿಗೆ ತಾಗಿದ್ದರಿಂದ ಹಾಗಾಗಿದ್ದು, ಒಂದೆರಡು ಕಿಲೋಮೀಟರ್ ಓಡಿ ಗಾಳಿ ತಾಗಿದ ಮೇಲೆಯೇ ಅಂಕಿ ಸರಿಹೋಯಿತು. ಇದನ್ನು ಕೈಪಿಡಿ ಹೇಳುವುದೇ ಇಲ್ಲ. ಸದ್ದೂ ಒಂದೇ ಸಲ. ಹಾಡು ಹಾಕಿಕೊಂಡಿದ್ದರೆ ಕೇಳಿಸದು.

ಊಟಿಯಲ್ಲಿ ರಾತ್ರಿ ಕಳೆದು ಮಾರನೆಯ ಬೆಳಿಗ್ಗೆ ಕೀಲಿ ತಿರುಗಿಸಿದಾಗ ಇನ್ನೆರಡು ದೀಪಗಳು ಹೊತ್ತಿದವು. ನೀಲಿ ಥರ್ಮಾಮೀಟರ್ ಚಿಹ್ನೆ ಎಂಜಿನ್ ಇನ್ನೂ ತಣ್ಣಗಿದೆ ಎನ್ನುವುದಕ್ಕೆ. ಅದು ಆರುವವರೆಗೆ ಆಕ್ಸಿಲರೇಟರ್ ಜೋರಾಗಿ ತುಳಿಯದಿದ್ದರಾಯಿತು. ಅದೇ ಚಿತ್ರ ಕೆಂಪಗೆ ಹೊತ್ತಿದರೆ ಎಂಜಿನ್ ಕಾದಿದೆ ಎಂದರ್ಥ, ಕೂಡಲೇ ನಿಲ್ಲಿಸಬೇಕು. ಇನ್ನೊಂದು, ಹಳದಿ ಬಣ್ಣದ, ಕುದುರೆ ಲಾಳದಂಥ ಆಕಾರದೊಳಗೆ ಆಶ್ಚರ್ಯಸೂಚಕವಿರುವ ದೀಪ: ಟೈರಿನಲ್ಲಿ ಗಾಳಿ ಕಡಿಮೆ. ಉಷ್ಣಾಂಶ 5ರಿಂದ 6 ಡಿಗ್ರಿ ಇಳಿದಂತೆಲ್ಲ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಬಯಲಿನ ಮಧ್ಯಾಹ್ನದ ಬಿಸಿಯಲ್ಲಿ ಅಳತೆಗೆ ಸರಿಯಾಗಿ ತುಂಬಿಸಿದ ಗಾಳಿ ಬೆಟ್ಟದ ಬೆಳಗಿನಲ್ಲಿ ಸಾಲದಾಗುವುದು ಸಹಜ. ಕಾರು ಓಡುವ ಮೊದಲು, ಟೈರು ತಣ್ಣಗಿರುವಾಗಲೇ ಅಳೆದು, ಬಾಗಿಲ ಚೌಕಟ್ಟಿನ ಮೇಲಿನ ಚೀಟಿಯಲ್ಲಿರುವಷ್ಟು ತುಂಬಿಸಬೇಕು. ನಾನೂ ಹಾಗೆಯೇ ಮಾಡಿದೆ.

ಮರಳುವಾಗ ಗೂಡಲೂರು ತಲುಪುವ ಮೊದಲೇ ಹರಳು ಮಾಯವಾಗಿತ್ತು. ಬೆಳಿಗ್ಗೆ ಗಾಳಿ ತುಂಬಿಸಿದ ಮೇಲೆ ಆರಿದ್ದ ಹಳದಿ ದೀಪ ಮಾತ್ರ, ಬಿಸಿಲೇರಿದ ಬಂಡೀಪುರದ ದಾರಿಯಲ್ಲಿ ಮತ್ತೆ ಹೊತ್ತಿತು. ಚಳಿಯ ನೆಪ ಅಲ್ಲಿ ನಡೆಯುವಂತಿರಲಿಲ್ಲ. ಚಾಮರಾಜನಗರದ ಪಂಕ್ಚರ್ ಅಂಗಡಿಯವರು ಎಡಗಡೆಯ ಹಿಂದಿನ ಟೈರನ್ನು ಬಿಚ್ಚಿ ನೀರಿನ ತೊಟ್ಟಿಯಲ್ಲಿ ಅದ್ದಿ, ಗುಳ್ಳೆ ಏಳುತ್ತಿದ್ದ ಕಡೆ ಬೆರಳಿಟ್ಟು ತೋರಿಸಿದರು: ತಲೆ ಸವೆದುಹೋದ ಒಂದು ಸಣ್ಣ ಮೊಳೆ.