ಗೋಡೆಗೆ ಮಡಚಿಕೊಳ್ಳುವ ಮೇಜು: ಒಂದೇ ಹಲಗೆ, ಮೂರು ವಿಧಾನ

ಎರಡೂವರೆ ಮೀಟರ್ ಅಗಲದ ಕೋಣೆಯಲ್ಲಿ ಮಂಚವೂ ಕಪಾಟೂ ತಮ್ಮ ಜಾಗ ಹಿಡಿದ ಮೇಲೆ ಮೇಜಿಗೆ ಉಳಿಯುವುದು ನಡೆದಾಡುವ ದಾರಿ ಮಾತ್ರ. ಹಗಲಿನಲ್ಲಿ ಬರೆಯಲು, ರಾತ್ರಿ ಇಬ್ಬರು ಎದುರುಬದುರಾಗಿ ಕುಳಿತು ಊಟ ಮಾಡಲು ಒದಗಬೇಕಾದ, ಉಳಿದ ಹೊತ್ತಿನಲ್ಲಿ ಗೋಡೆಗೆ ಸೇರಿಕೊಳ್ಳಬೇಕಾದ ಮೇಜೊಂದನ್ನು ನಾನೇ ಮಾಡಿಕೊಳ್ಳಲು ಹೊರಟಾಗ ಮುಖ್ಯವಾಗಿ ಮೂರು ವಿಧಾನಗಳು ಎದುರಾದವು. ಚಿತ್ರಗಳನ್ನು ನೋಡಿ ಅವುಗಳ ಯೋಗ್ಯತೆಯನ್ನು ಅಳೆಯುವುದು ಸಾಧ್ಯವಾಗದ ಕಾರಣ, ಒಂದೇ ಹಲಗೆಯನ್ನು ಒಂದೇ ಗೋಡೆಯ ಮೇಲೆ ಮೂರೂ ಬಗೆಯಲ್ಲಿ ಒಂದಾದ ಮೇಲೊಂದರಂತೆ ಕೂರಿಸಿ, ಪ್ರತಿಯೊಂದನ್ನೂ ಸುಮಾರು ಎರಡು ತಿಂಗಳು ಬಳಸಿ ನೋಡಿದೆ.

ಹಲಗೆ 18 ಮಿ.ಮೀ. ದಪ್ಪದ ಪ್ಲೈವುಡ್, ಅಗಲ 90 ಸೆಂ.ಮೀ., ಗೋಡೆಯಿಂದ ಮುಂದಕ್ಕೆ 60 ಸೆಂ.ಮೀ., ತೂಕ ಸುಮಾರು 6 ಕೆ.ಜಿ. ಒಬ್ಬರು ತೋಳು ತಾಕಿಸದೆ ಕೂರಲು 60 ಸೆಂ.ಮೀ. ಅಂಚು ಬೇಕಾಗುವುದರಿಂದ ಹಲಗೆಯ ಎರಡು ಬದಿಗಳೂ ಒಬ್ಬೊಬ್ಬರಿಗೆ ಸರಿಹೋಗುತ್ತವೆ. ಎತ್ತರವನ್ನು 74 ಸೆಂ.ಮೀ.ಗೆ ನಿಗದಿ ಮಾಡಿಕೊಂಡೆ. 12 ಮಿ.ಮೀ. ಹಲಗೆಯಾಗಿದ್ದರೆ ಎರಡು ಕೆ.ಜಿ. ಹಗುರವಾಗುತ್ತಿತ್ತು ಎಂಬ ಆಸೆ ಮೊದಲು ಇತ್ತು; ಆದರೆ ಹಲಗೆಯ ಬಿಗುವು ದಪ್ಪದ ಘನಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ದಪ್ಪವನ್ನು ಮೂರನೆಯ ಒಂದು ಭಾಗ ಇಳಿಸಿದರೆ ಬಾಗುವಿಕೆ ಮೂರು ಪಟ್ಟಿಗಿಂತಲೂ ಹೆಚ್ಚಾಗುತ್ತದೆ ಎಂಬ ಲೆಕ್ಕ ಆ ಆಸೆಯನ್ನು ಅಲ್ಲಿಗೇ ನಿಲ್ಲಿಸಿತು.

ಮೊದಲನೆಯದು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಉಕ್ಕಿನ ಮಡಚು ಬ್ರಾಕೆಟ್ಟುಗಳ ಜೋಡಿ. ಎರಡು ಬ್ರಾಕೆಟ್ಟುಗಳನ್ನು ಗೋಡೆಗೆ ಬಿಗಿದು, ಅವುಗಳ 40 ಸೆಂ.ಮೀ. ಉದ್ದದ ತೋಳುಗಳ ಮೇಲೆ ಹಲಗೆಯನ್ನು ಕೂರಿಸಿದರೆ ಕೆಲಸ ಮುಗಿಯಿತು. ಎತ್ತಿದಾಗ ಸ್ಪ್ರಿಂಗು ತಾನಾಗಿಯೇ ಹಿಡಿದುಕೊಳ್ಳುತ್ತದೆ, ಇಳಿಸಿದಾಗ ಹಲಗೆ ಗೋಡೆಯುದ್ದಕ್ಕೂ ಕೆಳಗೆ ತೂಗುತ್ತದೆ. ಒಂದೇ ಮಧ್ಯಾಹ್ನದಲ್ಲಿ ಮುಗಿಯುವ ಈ ವಿಧಾನದಲ್ಲಿ ಮಡಚಿದ ಮೇಜು ಗೋಡೆಯಿಂದ 6 ಸೆಂ.ಮೀ. ಮಾತ್ರ ಮುಂದೆ ಬರುತ್ತದೆ. ಮೂರರಲ್ಲಿ ಅತ್ಯಂತ ತೆಳುವಾದುದು ಇದೇ.

ಇದರ ದೌರ್ಬಲ್ಯ ಗೋಡೆಯೊಳಗೆ ಅಡಗಿದೆ. ಮೇಜಿನ ಮುಂದಿನ ಅಂಚಿನಲ್ಲಿ 20 ಕೆ.ಜಿ. ಭಾರವಿಟ್ಟರೆ ಅದು 60 ಸೆಂ.ಮೀ. ಉದ್ದದ ಸನ್ನೆಗೋಲಿನಂತೆ ಗೋಡೆಯನ್ನು ಮೀಟುತ್ತದೆ. ಆ ಮೀಟನ್ನು ತಡೆಯಬೇಕಾದದ್ದು ಬ್ರಾಕೆಟ್ಟಿನ ಮೇಲಿನ ಸ್ಕ್ರೂ. ಮೇಲಿನ ಸ್ಕ್ರೂವಿಗೂ ಕೆಳಗಿನ ಆಸರೆಗೂ ನಡುವಣ ಅಂತರ 15 ಸೆಂ.ಮೀ. ಮಾತ್ರ ಇದ್ದುದರಿಂದ ಸ್ಕ್ರೂಗಳನ್ನು ಹೊರಕ್ಕೆಳೆಯುವ ಬಲ 80 ಕೆ.ಜಿ. ತೂಕಕ್ಕೆ ಸಮವಾಗುತ್ತದೆ. ಹಲಗೆಯ ಸ್ವಂತ ಭಾರದ ಪಾಲು ಇನ್ನೊಂದು 12 ಕೆ.ಜಿ. ಕುರ್ಚಿಯಿಂದ ಏಳುವವರು ಅರಿವಿಲ್ಲದೆ ಅಂಗೈಯನ್ನು ಅಂಚಿಗೆ ಊರಿ ಏಳುತ್ತಾರೆ, ಆಗ ಈ ಸಂಖ್ಯೆಗಳು ಸುಲಭವಾಗಿ ಇಮ್ಮಡಿಯಾಗುತ್ತವೆ. ನನ್ನ ಗೋಡೆಯಲ್ಲಿ ಗಾರೆಯ ದಪ್ಪವೇ 15 ಮಿ.ಮೀ. ಇತ್ತು. ಗಾರೆ ಇಂಥ ಎಳೆತವನ್ನು ಹೊರುವುದಿಲ್ಲ, ಅದರ ಹಿಂದಿನ ಇಟ್ಟಿಗೆಯಲ್ಲಿ ಇಳಿದಿರುವ ಭಾಗ ಮಾತ್ರ ಹೊರುತ್ತದೆ. ಬ್ರಾಕೆಟ್ಟಿನ ಜೊತೆ ಬಂದಿದ್ದ 40 ಮಿ.ಮೀ. ಸ್ಕ್ರೂಗಳನ್ನೇ ಹಾಕಿದ ನನಗೆ ಇಟ್ಟಿಗೆಯಲ್ಲಿ ಸಿಕ್ಕಿದ ಹಿಡಿತ ಎರಡು ಸೆಂಟಿಮೀಟರಿನ ಆಸುಪಾಸು. ಮೂರನೆಯ ವಾರದಲ್ಲಿ, ಸ್ಕ್ರೂ ಹಿಡಿಯಲೆಂದು ಗೋಡೆಯ ರಂಧ್ರಕ್ಕೆ ತೂರಿಸಿದ್ದ ಒಂದು ಪ್ಲಗ್ಗು ಗಾರೆಯ ಪುಡಿಯೊಂದಿಗೆ ಹೊರಬಂದಾಗ ಅಚ್ಚರಿಪಡುವುದಕ್ಕೆ ಕಾರಣವಿರಲಿಲ್ಲ. ಆಮೇಲೆ ಗೋಡೆಗೆ 18 ಮಿ.ಮೀ. ಪ್ಲೈವುಡ್ಡಿನ ಅಗಲವಾದ ಪಟ್ಟಿಯೊಂದನ್ನು 75 ಮಿ.ಮೀ. ಸ್ಕ್ರೂಗಳಿಂದ ಆರು ಕಡೆ ಬಿಗಿದು, ಬ್ರಾಕೆಟ್ಟುಗಳನ್ನು ಆ ಪಟ್ಟಿಗೆ ಹಾಕಿದೆ. ಆ ಪಟ್ಟಿಯನ್ನು ಉಳಿದೆರಡು ವಿಧಾನಗಳಲ್ಲೂ ಹಾಗೆಯೇ ಉಳಿಸಿಕೊಂಡೆ. ಟೊಳ್ಳು ಇಟ್ಟಿಗೆಯ ಗೋಡೆಯಿದ್ದವರು ಇಂಥ ಪಟ್ಟಿಯಿಲ್ಲದೆ ಮೊದಲನೆಯ ವಿಧಾನಕ್ಕೆ ಕೈಹಾಕದಿರುವುದು ಲೇಸು.

ಗಟ್ಟಿಯಾದ ಮೇಲೂ ಅದು ಅಲ್ಲಾಡುವುದನ್ನು ಬಿಡಲಿಲ್ಲ. ಮಡಚು ಕೀಲಿನಲ್ಲಿ ಅರ್ಧ ಮಿ.ಮೀ. ಸಡಿಲವಿದ್ದರೆ, ಅದೇ 15ಕ್ಕೆ 60ರ ಅನುಪಾತದಲ್ಲಿ, ಅಂಚಿನಲ್ಲಿ ಅದು 2 ಮಿ.ಮೀ. ಆಗುತ್ತದೆ. ಹತ್ತು ಲೀಟರಿನ ಎರಡು ನೀರಿನ ಕ್ಯಾನುಗಳನ್ನು ಅಂಚಿನಲ್ಲಿ ಇಟ್ಟು ಅಳೆದಾಗ ಮೇಜು 11 ಮಿ.ಮೀ. ಇಳಿದಿತ್ತು. ಇದಕ್ಕಿಂತ ಹೆಚ್ಚಿನ ಕಿರಿಕಿರಿ ಮಡಚುವಾಗ. ಎರಡೂ ಬ್ರಾಕೆಟ್ಟುಗಳ ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು. ಎರಡೂ ಕೈ ಗುಂಡಿಗಳ ಮೇಲಿರುವಾಗ ಬೀಳುವ ಹಲಗೆಯನ್ನು ಹಿಡಿಯಲು ಉಳಿಯುವುದು ತೊಡೆಯೊಂದೇ. ತೋಳು ಮಡಚಿಕೊಳ್ಳುವ ಸಂದಿಯಲ್ಲಿ ಬೆರಳು ಸಿಕ್ಕಿಕೊಂಡದ್ದೂ ಉಂಟು. ಎರಡನೆಯ ತಿಂಗಳ ಹೊತ್ತಿಗೆ ಮೇಜು ಹಗಲಿರುಳೂ ತೆರೆದೇ ಇರುತ್ತಿತ್ತು.

ಎರಡನೆಯದು ಮರದ ಗೇಟು. ಹಲಗೆ ಇಲ್ಲಿಯೂ ಕೆಳಕ್ಕೇ ಇಳಿಯುತ್ತದೆ, ಆದರೆ ಅದನ್ನು ಹೊರುವುದು ಬಾಗಿಲಿನಂತೆ ಪಕ್ಕಕ್ಕೆ ತಿರುಗುವ ಎರಡು ತ್ರಿಕೋನಾಕಾರದ ಚೌಕಟ್ಟುಗಳು. ತಿರುಗುವ ಗೇಟಿನ ಮೇಲೆ ಹಲಗೆ ಕೂರಿಸುವ ಈ ಉಪಾಯ ಹೊಸದಲ್ಲ. ಇಂಗ್ಲೆಂಡಿನಲ್ಲಿ 16ನೇ ಶತಮಾನದಲ್ಲೇ ಗೇಟುಕಾಲಿನ ಮೇಜುಗಳಿದ್ದವು, ನಾನು ಮಾಡಿದ್ದು ಅದರ ಅರ್ಧವನ್ನು ಗೋಡೆಗೆ ಹೊಡೆದಂತೆ. ಗೋಡೆಯ ಪಟ್ಟಿಯ ಮೇಲ್ತುದಿಯಲ್ಲಿ 5 ಸೆಂ.ಮೀ. ಅಗಲದ ಸಣ್ಣ ಸ್ಥಿರ ಹಲಗೆಯನ್ನು ಕೂರಿಸಿ, ಅದರ ಮುಂದಿನ ಅಂಚಿಗೆ ಮೇಜಿನ ಹಲಗೆಯನ್ನು ಪಿಯಾನೋ ಹಿಂಜಿನಿಂದ, ಎಂದರೆ ಅಂಚಿನುದ್ದಕ್ಕೂ ಹೋಗುವ ಉದ್ದನೆಯ ಕೀಲಿನಿಂದ, ಜೋಡಿಸಿದೆ. ಆ 5 ಸೆಂ.ಮೀ. ಹಿಂದಿನ ಸಂದಿಯಲ್ಲೇ ಗೇಟುಗಳು ಅಡಗುತ್ತವೆ. ಒಟ್ಟು ಮುಂಚಾಚು 7 ಸೆಂ.ಮೀ.

ಬಲದ ದೃಷ್ಟಿಯಿಂದ ಇದಕ್ಕೂ ಉಕ್ಕಿನ ಬ್ರಾಕೆಟ್ಟಿಗೂ ಹೋಲಿಕೆಯೇ ಇಲ್ಲ. ಗೇಟಿನ ಎತ್ತರ 45 ಸೆಂ.ಮೀ. ಆದದ್ದರಿಂದ ಅದೇ 20 ಕೆ.ಜಿ. ಭಾರಕ್ಕೆ ಗೋಡೆಯ ಮೇಲಿನ ಎಳೆತ ಮೂರನೆಯ ಒಂದು ಭಾಗಕ್ಕೆ ಇಳಿಯಿತು. ಅಂಚು ಇಳಿದದ್ದು 4 ಮಿ.ಮೀ. ಮರಕ್ಕೆ ಉಕ್ಕಿಗಿಂತ ಹೆಚ್ಚಿನ ಶಕ್ತಿಯಿದೆ ಎಂದು ಇದರರ್ಥವಲ್ಲ. ಗೋಡೆಯ ಮೇಲೆ ಆಸರೆ ಎಷ್ಟು ಎತ್ತರಕ್ಕೆ ಹಬ್ಬಿದೆ ಎಂಬುದೇ ಇಲ್ಲಿ ಎಲ್ಲವನ್ನೂ ನಿರ್ಧರಿಸುತ್ತದೆ.

ಗೇಟುಗಳನ್ನು ಎಲ್ಲಿ ಕೂರಿಸಬೇಕೆಂಬುದು ಮಾತ್ರ ನಾನೆಣಿಸಿದ್ದಕ್ಕಿಂತ ತೊಡಕಿನ ಪ್ರಶ್ನೆಯಾಯಿತು. ಎರಡು ಗೇಟುಗಳು ಒಂದರ ಮೇಲೊಂದು ಬೀಳದೆ ಮಡಚಿಕೊಳ್ಳಬೇಕಾದರೆ ಪ್ರತಿ ಗೇಟಿನ ಉದ್ದ ಹಲಗೆಯ ಅಗಲದ ಅರ್ಧಕ್ಕಿಂತ ಕಡಿಮೆಯಿರಬೇಕು, 90 ಸೆಂ.ಮೀ. ಅಗಲಕ್ಕೆ 40 ಸೆಂ.ಮೀ. ಗೇಟು ಹೊಂದುತ್ತದೆ, 60 ಸೆಂ.ಮೀ. ಆಳದ ಮೂರನೆಯ ಎರಡು ಭಾಗಕ್ಕೆ ಆಸರೆಯೂ ಸಿಗುತ್ತದೆ. ಹಿಂಜುಗಳನ್ನು ಎರಡು ತುದಿಗಳಲ್ಲಿ ಹಾಕಿದರೆ ತೆರೆದ ಗೇಟುಗಳು ಮೇಜಿನ ಎರಡು ಬದಿಗಳಲ್ಲಿ ನಿಲ್ಲುತ್ತವೆ, ಮೂಲೆಗಳು ಗಟ್ಟಿಯಾಗಿರುತ್ತವೆ. ಆದರೆ ಬದಿಗೆ ಕೂತವರ ಗೋಡೆಯ ಕಡೆಯ ಮೊಣಕಾಲು ಗೇಟಿಗೆ ತಾಕುತ್ತದೆ. ಹಿಂಜುಗಳನ್ನು ನಡುವಿಗೆ ತಂದರೆ ಮೊಣಕಾಲುಗಳಿಗೆ ಜಾಗ ಸಿಗುತ್ತದೆ. ಆದರೆ ಮೂಲೆಯ ಮೇಲೆ ಮೊಣಕೈ ಊರಿದರೆ ಹಲಗೆ ತಿರುಚಿಕೊಳ್ಳುತ್ತದೆ. ಎರಡನ್ನೂ ಮಾಡಿ ನೋಡಿದೆ. ಒಬ್ಬರೇ ಮುಂದಿನಿಂದ ಕುಳಿತು ಬರೆಯುವ ಮೇಜಾದರೆ ತುದಿಗಳಲ್ಲಿರುವ ಗೇಟುಗಳೇ ಸರಿ, ಹಿಂಜರಿಕೆಯಿಲ್ಲದೆ ಹೇಳಬಲ್ಲೆ. ಇಬ್ಬರು ಎದುರುಬದುರು ಕೂರುವುದಿದ್ದರೆ ಎರಡು ಜೋಡಣೆಗಳಲ್ಲಿ ಯಾವುದೂ ನೆಮ್ಮದಿ ಕೊಡುವುದಿಲ್ಲ.

ನಡುವೆ ನಾಲ್ಕನೆಯ ಉಪಾಯವೊಂದನ್ನು ಒಂದು ವಾರ ಪ್ರಯತ್ನಿಸಿದ್ದನ್ನೂ ಹೇಳಿಬಿಡುತ್ತೇನೆ: ಕಾಲು ಮಡಚುವ ಸಾಮಾನ್ಯ ಮೇಜನ್ನೇ, ಓರೆಯಾಗಿ ಸೀಳಿದ ಮರದ ಪಟ್ಟಿಯ ಮೇಲೆ ಚಿತ್ರಪಟದಂತೆ ಗೋಡೆಗೆ ತೂಗುಹಾಕುವುದು. ಗೋಡೆಗೆ ಬೀಳುವ ರಂಧ್ರಗಳು ಎರಡೇ ಆದ್ದರಿಂದ ಬಾಡಿಗೆ ಮನೆಗೆ ಒಪ್ಪುತ್ತದೆ. ಪ್ರತಿದಿನ ಎಂಟು ಕೆ.ಜಿ. ಭಾರವನ್ನು ಎದೆಯ ಮಟ್ಟಕ್ಕೆ ಎತ್ತಿ ಕುರುಡಾಗಿ ಪಟ್ಟಿಗೆ ಸಿಕ್ಕಿಸುವ ಉತ್ಸಾಹ ನನಗಿರಲಿಲ್ಲ.

ಮೂರನೆಯ ವಿಧಾನದಲ್ಲಿ ಹಲಗೆ ಕೆಳಕ್ಕಿಳಿಯುವುದಿಲ್ಲ, ಮೇಲಕ್ಕೇರುತ್ತದೆ. ಗೋಡೆಯ ಮೇಲೆ 9 ಸೆಂ.ಮೀ. ಆಳದ ತೆಳು ಪೆಟ್ಟಿಗೆಯಿದ್ದು, ಹಲಗೆಯೇ ಅದರ ಮುಚ್ಚಳವಾಗುತ್ತದೆ. ತೆರೆದಾಗ ಮುಚ್ಚಳ ಮೇಜಾಗುತ್ತದೆ, ಪೆಟ್ಟಿಗೆಯೊಳಗಿನ ಕಿರಿದಾದ ಕಪಾಟುಗಳು ಕೈಗೆಟಕುತ್ತವೆ. ಗೋಡೆಯನ್ನೇ ಕೊರೆದು ಪೆಟ್ಟಿಗೆಯನ್ನು ಒಳಗೆ ಹುದುಗಿಸುವ ಯೋಚನೆಯೂ ಇತ್ತು. ಅರ್ಧ ಇಟ್ಟಿಗೆಯ ಗೋಡೆಯಲ್ಲಿ ಇಡೀ ದಪ್ಪವೇ 11 ಸೆಂ.ಮೀ. ಆಸುಪಾಸಿನದು, ಅಡ್ಡಕ್ಕೆ ಕೊರೆಯುವ ತೋಡಿನ ಆಳ ಗೋಡೆಯ ದಪ್ಪದ ಆರನೆಯ ಒಂದು ಭಾಗವನ್ನು ಮೀರಬಾರದು ಎಂಬ ಕಟ್ಟಡದ ರೂಢಿಯ ಪ್ರಕಾರ 2 ಸೆಂ.ಮೀ. ಕೂಡ ದಕ್ಕುವುದಿಲ್ಲ. ಮರದ ಚೌಕಟ್ಟಿನ ಹಗುರ ಗೋಡೆಯಲ್ಲಿ ಸುಮಾರು 9 ಸೆಂ.ಮೀ. ಟೊಳ್ಳು ಸಿಗುತ್ತದೆಯಾದರೂ ಕಂಬಗಳು ಸಾಮಾನ್ಯವಾಗಿ 40 ಅಥವಾ 60 ಸೆಂ.ಮೀ.ಗೊಂದರಂತೆ ನಿಂತಿರುವುದರಿಂದ 90 ಸೆಂ.ಮೀ. ಹಲಗೆಗಾಗಿ ಕಂಬವನ್ನೇ ಕತ್ತರಿಸಬೇಕಾಗುತ್ತದೆ. ಹಾಗಾಗಿ ಪೆಟ್ಟಿಗೆ ಗೋಡೆಯ ಹೊರಗೇ ಉಳಿಯಿತು.

ಈ ವಿಧಾನದ ಸೊಗಸಿರುವುದು ಕಾಲಿನಲ್ಲಿ. ಹಲಗೆಯ ಅಡಿಯಲ್ಲಿ, ಮುಂದಿನ ಅಂಚಿನಿಂದ 4 ಸೆಂ.ಮೀ. ಒಳಗೆ, ಎರಡು ಕಾಲುಗಳ ಚೌಕಟ್ಟೊಂದನ್ನು ಹಿಂಜಿನಿಂದ ತೂಗುಬಿಟ್ಟೆ. ಕಾಲಿನ ಉದ್ದ 72 ಸೆಂ.ಮೀ., ಅದು ತೂಗುವ ಬಿಂದು ಗೋಡೆಯ ಕಡೆಯ ಹಿಂಜಿನಿಂದ 56 ಸೆಂ.ಮೀ. ದೂರ. ಕಾಲು ಹಲಗೆಗಿಂತ ಉದ್ದವಾಯಿತೆಂದು ಮೊದಲು ತಲೆ ಕೆಡಿಸಿಕೊಂಡಿದ್ದೆ. ಆದರೆ ಹಲಗೆ ಮೇಲೆದ್ದು ನಿಂತಾಗ ಕಾಲು ಅದರ ಬೆನ್ನಿಗೆ ಒರಗಿ ನೇರವಾಗಿ ತೂಗುತ್ತದೆ, ಹಿಂಜಿನ ಕೆಳಗೆ 16 ಸೆಂ.ಮೀ. ಚಾಚಿಕೊಳ್ಳುವುದನ್ನು ಬಿಟ್ಟರೆ ಯಾವ ತೊಂದರೆಯನ್ನೂ ಮಾಡುವುದಿಲ್ಲ. ಹಲಗೆಯನ್ನು ಇಳಿಸುತ್ತ ಬಂದಂತೆ ಕಾಲು ತೂಗುಗುಂಡಿನಂತೆ ತನ್ನ ಭಾರಕ್ಕೆ ತಾನೇ ಲಂಬವಾಗಿ ಉಳಿದು, ಹಲಗೆ ಮಟ್ಟಸವಾಗುವ ಹೊತ್ತಿಗೆ ಸರಿಯಾಗಿ ನೆಲ ಮುಟ್ಟುತ್ತದೆ. ಹಲಗೆ ಕೆಳಕ್ಕಿಳಿಯುವ ಮೊದಲೆರಡು ವಿಧಾನಗಳಲ್ಲಿ ಈ ಅನುಕೂಲ ಸಿಗಲಾರದು, ಅಲ್ಲಿ ಕಾಲನ್ನು ಕೈಯಿಂದಲೇ ಬಿಡಿಸಿ ಕೈಯಿಂದಲೇ ಮಡಚಬೇಕು. ನೀರಿನ ಕ್ಯಾನುಗಳ ಪರೀಕ್ಷೆಯಲ್ಲಿ ಅಂಚು ಇಳಿದದ್ದು 1 ಮಿ.ಮೀ.; ಭಾರ ನೆಲಕ್ಕೆ ಹೋಗುವಾಗ ಗೋಡೆಯನ್ನು ಮೀಟುವುದಕ್ಕೆ ಏನೂ ಉಳಿಯುವುದಿಲ್ಲ. ಬದಿಗೆ ಕೂತವರ ಮೊಣಕಾಲುಗಳಿಗೂ 56 ಸೆಂ.ಮೀ. ಬಿಡುವು ಇದೆ.

ಇದರಲ್ಲೂ ಒಂದು ಅಪಾಯವಿದೆ, ಅದನ್ನು ನಾನು ಕೆಟ್ಟ ರೀತಿಯಲ್ಲಿ ಕಲಿತೆ. ತೂಗುವ ಕಾಲಿಗೆ ಅಗುಳಿ ಹಾಕಿರಲಿಲ್ಲ. ಒಂದು ಸಂಜೆ ಪಾದ ತಗುಲಿ ಕಾಲು ಒಳಕ್ಕೆ ಸರಿಯಿತು, ಮೇಜಿನ ಮುಂದಿನ ಅಂಚು ಕುಸಿಯಿತು, ಪಿಯಾನೋ ಹಿಂಜಿನ ಸ್ಕ್ರೂಗಳು ಸಾಲಾಗಿ ಕಿತ್ತುಬಂದವು. ಹಿಂಜು ಹಲಗೆಯ ಮೇಲ್ಮೈಯಲ್ಲಿರುವುದರಿಂದ ಹಲಗೆಯ ಹಿಂಬದಿಯ ಕೆಳಅಂಚು ಪೆಟ್ಟಿಗೆಗೆ ಒತ್ತಿಕೊಂಡು, 60 ಸೆಂ.ಮೀ. ಸನ್ನೆಗೋಲು 1.8 ಸೆಂ.ಮೀ. ಅಂತರದಲ್ಲಿ ಸ್ಕ್ರೂಗಳನ್ನು ಮೀಟುತ್ತದೆ; ಮೂವತ್ತು ಪಟ್ಟಿಗಿಂತ ಹೆಚ್ಚಿನ ಆ ಮೀಟಿಗೆ ಹಲಗೆಯ ಸ್ವಂತ ತೂಕವೇ ಸಾಕು. ಈಗ ಕಾಲಿಗೆ ಒಂದು ಅಗುಳಿಯೂ, ಪೆಟ್ಟಿಗೆಯ ಎರಡು ಬದಿಗಳಿಂದ ಹಲಗೆಗೆ ಒಂದೊಂದು ಸರಪಳಿಯೂ ಇವೆ. ಸರಪಳಿ ಸಾಧಾರಣವಾಗಿ ಸಡಿಲವಾಗಿಯೇ ಇರುತ್ತದೆ, ಕಾಲು ಕೈಕೊಟ್ಟರೆ ಮಾತ್ರ ಬಿಗಿಯಾಗುತ್ತದೆ. ಗ್ಯಾಸ್ ಸ್ಪ್ರಿಂಗು ಬೇಕೇ ಎಂದು ಯೋಚಿಸಿದ್ದೆ, 6 ಕೆ.ಜಿ. ಹಲಗೆಯ ಅಂಚನ್ನು ಎತ್ತಲು ಅದರ ಅರ್ಧದಷ್ಟು, ಎಂದರೆ 3 ಕೆ.ಜಿ. ಬಲ, ಮೇಲೆ ಕಾಲಿನ ಭಾರ, ಇಷ್ಟೇ ಸಾಕಾಗುವುದರಿಂದ ಕೈಬಿಟ್ಟೆ. ಮಕ್ಕಳಿರುವ ಮನೆಯಲ್ಲಾದರೆ ಕೈಬಿಡುತ್ತಿರಲಿಲ್ಲ.

ಅಳತೆಯ ಲೆಕ್ಕದಲ್ಲಿ ಈ ಮೂರನೆಯದೇ ಸೋಲಬೇಕಿತ್ತು. ಪೆಟ್ಟಿಗೆ, ಹಲಗೆ, ಕಾಲು ಎಲ್ಲ ಸೇರಿ ಗೋಡೆಯಿಂದ 13 ಸೆಂ.ಮೀ. ಮುಂದೆ ಬರುತ್ತದೆ, ಉಕ್ಕಿನ ಬ್ರಾಕೆಟ್ಟಿನ ಇಮ್ಮಡಿಗೂ ಹೆಚ್ಚು. ಅದೂ ಮೊಣಕೈ ಮಟ್ಟದಲ್ಲಿ. ಮೊದಲ ವಾರ ಹೋಗಿಬರುವಾಗ ಎರಡು ಬಾರಿ ತಾಕಿಸಿಕೊಂಡೆ. ಆದರೂ ನಮ್ಮ ಮನೆಯಲ್ಲಿ ದಿನವೂ ಮಡಚಲ್ಪಡುವ ಮೇಜು ಇದೊಂದೇ, ಅದಕ್ಕೆ ಕಾರಣ ಆ 9 ಸೆಂ.ಮೀ. ಆಳದ ಕಪಾಟು. ಕೆಳಕ್ಕಿಳಿಯುವ ಮೇಜನ್ನು ಮಡಚುವ ಮುನ್ನ ಅದರ ಮೇಲಿನ ಪುಸ್ತಕ, ಪೆನ್ನು, ಕನ್ನಡಕ, ಚಾರ್ಜರ್ ಎಲ್ಲವನ್ನೂ ಬೇರೆಲ್ಲಿಗಾದರೂ ಸಾಗಿಸಬೇಕು. ಕೋಣೆಯಲ್ಲಿ ಆ ಬೇರೆಲ್ಲೋ ಇಲ್ಲದಿದ್ದುದರಿಂದಲೇ ತಾನೆ ಮಡಚುವ ಮೇಜು ಬೇಕಾದದ್ದು? ಪೆಟ್ಟಿಗೆಯ ವಿಧಾನದಲ್ಲಿ ಅವನ್ನೆಲ್ಲ ಒಂದು ಗೇಣು ಹಿಂದಕ್ಕೆ ತಳ್ಳಿ ಮುಚ್ಚಳ ಎತ್ತಿದರೆ ಮುಗಿಯಿತು, ಮರುದಿನ ಎಲ್ಲವೂ ಅಲ್ಲೇ ಇರುತ್ತವೆ. 1885ರಲ್ಲಿ ಶಿಕಾಗೋದ ಸಾರಾ ಗೂಡ್ ಪೇಟೆಂಟ್ ಪಡೆದ ಮಡಚು ಹಾಸಿಗೆ, ಮಡಚಿದ ಮೇಲೆ ಬರೆಯುವ ಮೇಜಾಗುತ್ತಿತ್ತು. ಮಡಚಿದ ಸ್ಥಿತಿಗೂ ಒಂದು ಕೆಲಸ ಕೊಟ್ಟ ಆ ಬುದ್ಧಿ ಇಲ್ಲಿ ಕಪಾಟಿನ ರೂಪದಲ್ಲಿ ಕೈಹಿಡಿಯಿತು.

ಗೋಡೆಯಲ್ಲಿ ಕಿಟಕಿಯಿದ್ದರೆ ಈ ತೀರ್ಪು ತಲೆಕೆಳಗಾಗುತ್ತದೆ. ಪೆಟ್ಟಿಗೆಗೆ ನೆಲದಿಂದ 134 ಸೆಂ.ಮೀ. ವರೆಗೆ ಬರಿಯ ಗೋಡೆ ಬೇಕು, ಕಿಟಕಿಯ ಕೆಳಅಂಚು ಅದಕ್ಕಿಂತ ಕೆಳಗಿದ್ದರೆ ಮರದ ಗೇಟೇ ಗತಿ. ಆಗಲೂ ಹಲಗೆಯ ಆಳ ಮೇಜಿನ ಎತ್ತರಕ್ಕಿಂತ ಹತ್ತು ಸೆಂ.ಮೀ.ಯಾದರೂ ಕಡಿಮೆಯಿರಬೇಕು, ಇಲ್ಲದಿದ್ದರೆ ಇಳಿದ ಹಲಗೆ ನೆಲದ ಅಂಚುಪಟ್ಟಿಗೆ ತಾಕುತ್ತದೆ. ನನ್ನ ಗೇಟುಗಳು ಈಗ ಪಕ್ಕದ ಕೋಣೆಯ ಕಿಟಕಿಯ ಕೆಳಗಿವೆ, ಒಬ್ಬರೇ ಕೂರುವ ಮೇಜನ್ನು ಹೊತ್ತು. ಉಕ್ಕಿನ ಬ್ರಾಕೆಟ್ಟುಗಳಿಗೆ 30 ಸೆಂ.ಮೀ. ಅಗಲದ ಹಲಗೆ ಹಾಕಿ ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ ಬಿಗಿದಿದ್ದೇನೆ. ಮಡಚಿದ ಬಟ್ಟೆಯ ಭಾರಕ್ಕೆ ಅವು ಒಂದಿಷ್ಟೂ ಅಲುಗುವುದಿಲ್ಲ.